ಅಕ್ಕನ ಅಕ್ಕರ

ಅಕ್ಕ ನಕ್ಕರೆ ಅಮಾವಾಸ್ಯೆ ನಿಲ್ಲದು ಎಂಬುದು ಗಾದೆ. 'ನಕ್ಕರೆ ಅಲ್ಲ, ಸತ್ತರೆ' ಎಂದು ತಿದ್ದಲು ಬಾಯಿ ತೆರೆದವರು ದಯವಿಟ್ಟು ಒಂದು ಗಳಿಗೆ ಮುಚ್ಚಿಕೊಂಡಿರಿ. ಗಾದೆ ಕೆಟ್ಟದ್ದು ನಾಲಿಗೆ ತೊಡರಿ ಅಲ್ಲ, ಬೇಕೆಂದೇ ಕೆಡಿಸಿದ್ದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ಸತ್ಯವಾಗಿ ನಡೆದದ್ದು. ಏಕೆಂದರೆ ಸತ್ಯನಿಗೇ ನಡೆದದ್ದು.

ಪೂರ್ತಿ ಹೆಸರು ಸತ್ಯಪ್ರಕಾಶ. ಗೆಳೆಯರು ಇಟ್ಟ ಹೆಸರು ಮಿಥ್ಯಪ್ರಕಾಶ. ಮೈಸೂರಿನ ಚಾಮುಂಡಿಪುರದವನು, ಬಯೋಕೆಮಿಸ್ಟ್ರಿ ಓದಿ, ಎಪ್ಪತ್ಮೂರರಲ್ಲಿ ಅಕ್ಕ ಕಳಿಸಿದ ಕಾಗದಗಳ ಬಲದಿಂದ ವಾಷಿಂಗ್ಟನ್ನಿಗೆ ಬಂದಿಳಿದವನು. ಬೆಥೆಸ್ಡಾದ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಪಿತ್ತಜನಕಾಂಗ ಅರೆಯುವುದು ಅವನ ಸಂಬಳದ ಕೆಲಸ. ನಿಜವಾದ ಉದ್ಯೋಗ ಅಣಕ. ಲ್ಯಾಬಿನ ಮುಖ್ಯಸ್ಥರು ಬಯ್ಯುವ ಮೊದಲು ಗಂಟಲು ಕೆರೆದುಕೊಳ್ಳುವುದು, ಟೀವಿಯ ಹವಾಮಾನದವನು ನಾಳೆ ಹಿಮ ಬೀಳುತ್ತದೆಂದು ಮಗಳ ಮದುವೆ ಗೊತ್ತಾದವನಂತೆ ಹಿಗ್ಗುವುದು, ಕನ್ನಡ ಕೂಟದ ಬಾಲಸುಬ್ರಹ್ಮಣ್ಯ ಅಂಕಲ್ 'ಇನ್ನು ಎರಡೇ ಮಾತು' ಎಂದು ಇಪ್ಪತ್ತು ನಿಮಿಷ ವಂದಿಸುವುದು, ಎಲ್ಲವೂ ಅವನ ಮುಖದಲ್ಲಿ ಬಂದು ಕೂರುತ್ತಿದ್ದವು. ಒಂದು ಮುಖವನ್ನು ಐದು ನಿಮಿಷ ನೋಡಿದರೆ ಸಾಕು, ಅದು ಅವನದಾಯಿತು.

ಅವನ ಮುಖವನ್ನು ನೋಡಿ ಕಲಿತವಳು ಮಾತ್ರ ಒಬ್ಬಳೇ. ಅಕ್ಕ ಅನಸೂಯ.

ಅವಳು ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಸದಾ ಹಾಸಿಗೆ ಹಿಡಿದಿದ್ದ ಮನೆಯಲ್ಲಿ ಸತ್ಯನ ಬಾಯಿಗೆ ತುತ್ತಿಟ್ಟವಳು, ಸ್ಲೇಟಿನ ಮೇಲೆ ಅ ಆ ತಿದ್ದಿಸಿದವಳು. ಆಮೇಲೆ ಡಾಕ್ಟರಾಗಿ ಅರವತ್ತೇಳರಲ್ಲಿ ಅಮೆರಿಕಕ್ಕೆ ಬಂದು ಅರಿವಳಿಕೆ ತಜ್ಞೆಯಾದಳು. ಜನರ ಅರಿವನ್ನು ಅಳಿಸಿ ಮತ್ತೆ ತಂದುಕೊಡುವ ವಿದ್ಯೆ.

ಸತ್ಯನಿಗೆ ಒಂಬತ್ತು ವರ್ಷವಿದ್ದಾಗ ಅವಳು ಮೆಡಿಕಲ್ ಓದುತ್ತಿದ್ದಳು. ಒಂದು ಸಂಜೆ ಇವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಅಪ್ಪನ ದನಿ ತೆಗೆದು, "ಅನಸೂಯಾ! ಸೊಂಟ ಹಿಡ್ಕೊಂಬಿಟ್ಟಿದೆ, ಏಳಕ್ಕಾಗ್ತಿಲ್ಲ. ಇಲ್ಲಿಗೇ ಕಾಫಿ ತಗೊಂಬಾ!" ಎಂದು ಕೂಗಿದ. ಅವಳು ಪುಸ್ತಕ ಬಿಸಾಡಿ, ಕಾಫಿ ಹಿಡಿದು, ಬಚ್ಚಲ ಬಾಗಿಲಲ್ಲಿ "ಅಪ್ಪಾ, ಮೊದಲು ಚಿಲಕ ತೆಗೀರಿ" ಎಂದು ಗೋಗರೆಯುತ್ತಿದ್ದಾಗ, ಅಪ್ಪ ಬೀದಿ ಬಾಗಿಲಿನಿಂದ ಕೊಡೆ ಮಡಿಸುತ್ತ ಒಳಗೆ ಬಂದರು. ಮನೆಯೆಲ್ಲ ನಕ್ಕಿತು. ಹಾಸಿಗೆಯಲ್ಲಿದ್ದ ತಾಯಿಯೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅನಸೂಯ, ಸೀರೆಯ ಮೇಲೆಲ್ಲ ಕಾಫಿ ಚೆಲ್ಲಿಕೊಂಡು. ಆಮೇಲೆ ತಮ್ಮನ ಕಿವಿ ಹಿಂಡುತ್ತ ಹೇಳಿದ್ದಳು:

"ನೋಡೋ, ಏಮಾರಿದೋರೇ ಎಲ್ಲರಿಗಿಂತ ಜೋರಾಗಿ ನಗ್ಬೇಕು. ಆಗ ಏಮಾರಿಸಿದೋನ ಕೈಲಿ ಏನೂ ಉಳಿಯಲ್ಲ."

ಅದು ಆ ಮನೆಯ ಕಾನೂನಾಯಿತು. ಅಮೆರಿಕದಲ್ಲೂ ಜಾರಿಯಲ್ಲಿತ್ತು. ಸತ್ಯ ಆಸ್ಪತ್ರೆಯ ಆಪರೇಟರಳ ದನಿಯಲ್ಲಿ ಫೋನು ಮಾಡಿ ಅವಳನ್ನು ಎಷ್ಟು ಸಲ ಅರ್ಧ ಊಟದಿಂದ ಎಬ್ಬಿಸಿದ್ದನೋ ಲೆಕ್ಕವಿಲ್ಲ. ಅಷ್ಟೂ ಸಲ ಅವಳ ನಗು ಫೋನಿನ ತಂತಿಯನ್ನು ಕಿತ್ತುಕೊಂಡು ಬಂದಿತ್ತು.

ಎಪ್ಪತ್ತೇಳರ ಜನವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯ ನಿಜವಾದ ಆಪರೇಟರ್ ನಿಜವಾಗಿ ಸತ್ಯನಿಗೆ ಫೋನು ಮಾಡಿದಳು. ಅವನು ಅದನ್ನು ಅಕ್ಕನ ಮುಯ್ಯಿ ಎಂದುಕೊಂಡು ಅರ್ಧ ನಿಮಿಷ ನಗುತ್ತಲೇ ಇದ್ದ.

ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು, ಮಾತು, ಓದು, ನಾಲ್ಕೂ ಒಂದೇ ಬೆಳಿಗ್ಗೆ ಹೋದವು. ಅವಳಿಗೆ ಆಗ ನಲವತ್ತೈದು. ಬಾಯಲ್ಲಿ ಉಳಿದದ್ದು ಒಂದೇ ಮಾತು.

"ಅಕ್ಕಾ, ನೀರು ಬೇಕಾ?"

"ಆಯ್ತು."

"ಅಕ್ಕಾ, ನೋವಿದ್ಯಾ?"

"ಆಯ್ತು."

"ಅಕ್ಕಾ, ನಾನ್ಯಾರು ಹೇಳು?"

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿ, ಎಡಗೈಯಿಂದ ಅವನ ಕೆನ್ನೆ ತಟ್ಟಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ಆಯ್ತು."

ಆಸ್ಪತ್ರೆಯವರು ಅವಳನ್ನು ನದಿಯಾಚೆ ವರ್ಜೀನಿಯಾದ ಒಂದು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ ಮಾತು ಕಲಿಸುವವರು ಮಿಸೆಸ್ ಪ್ರುಯಿಟ್. ಸೌತ್ ಕ್ಯಾರೊಲಿನಾದ ಹೆಂಗಸು, ಒಂದೊಂದು ಸ್ವರವನ್ನೂ ಹಪ್ಪಳದ ಹಿಟ್ಟಿನಂತೆ ಎಳೆದೆಳೆದು ಮಾತಾಡುವವರು. ಮೊದಲ ವಾರವೇ ಅವರು ಸತ್ಯನನ್ನು ಕರೆದು ಸಂಭ್ರಮದಿಂದ ಹೇಳಿದರು: "ನಿಮ್ಮಕ್ಕ ಎಂಥ ಕರುಣಾಳು ಗೊತ್ತಾ? ನಾನು ಏನೇ ಹೇಳಿದ್ರೂ 'ಐ ಟೂ, ಐ ಟೂ' ಅಂತಾರೆ. ನಂಗೆ ಮಂಡಿನೋವು ಅಂದೆ, ಅದಕ್ಕೂ ಐ ಟೂ!"

ಸತ್ಯನಿಗೆ ನಗು ತಡೆಯಲಾಗಲಿಲ್ಲ. "ಅದು ಇಂಗ್ಲಿಷಲ್ಲ ಮೇಡಂ, ಕನ್ನಡ. ಆಯ್ತು. ಸರಿ ಅಂತಲೂ ಅರ್ಥ, ಮುಗೀತು ಅಂತಲೂ ಅರ್ಥ."

"ಇವರು ಯಾವ ಅರ್ಥದಲ್ಲಿ ಹೇಳ್ತಾರೆ?"

"ಅದು ತಿಳ್ಕೊಳ್ಳೋಕೇ ನಿಮ್ಮ ಹತ್ರ ಕರ್ಕೊಂಬಂದಿರೋದು."

ಮಿಸೆಸ್ ಪ್ರುಯಿಟ್ ಫೈಲಿನಲ್ಲಿ 'ಐ ಟೂ'ವನ್ನು ಹೊಡೆದುಹಾಕಿದರು. ಆಮೇಲೆ ನಿಧಾನವಾಗಿ ಕೇಂದ್ರದ ನಿಯಮ ಹೇಳಿದರು. ಏಪ್ರಿಲ್ ಮೊದಲ ಶುಕ್ರವಾರದೊಳಗೆ ರೋಗಿ ಒಂದಾದರೂ ಹೆಜ್ಜೆ ಮುಂದಿಟ್ಟಿದ್ದಾರೆಂದು ಬರೆಯುವಂತಿದ್ದರೆ ಪಾಠ ಮುಂದುವರಿಯುತ್ತದೆ. ಒಂದು ಪದ ಹೇಳಿದರೂ ಸರಿ, ಒಂದು ಪದ ಓದಿದರೂ ಸರಿ. ಇಲ್ಲವಾದರೆ ಹಿಂದಿನ ಕಟ್ಟಡ. ಹಿಂದಿನ ಕಟ್ಟಡದಲ್ಲಿ ಉಣಿಸುತ್ತಾರೆ, ಮೈ ಒರೆಸುತ್ತಾರೆ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಕಲಿಸುವುದಿಲ್ಲ. ಅಲ್ಲಿಂದ ಯಾರೂ ಮುಂದಿನ ಕಟ್ಟಡಕ್ಕೆ ವಾಪಸು ಬಂದದ್ದು ಅವರಿಗೆ ನೆನಪಿಲ್ಲ.

ಉಳಿದಿದ್ದದ್ದು ಐದು ವಾರ.

ಸತ್ಯ ಸ್ಲೇಟು ಹುಡುಕಿ ತಂದು ಅ ಬರೆದ. ಅವಳು ಅದನ್ನು ಗೋಡೆಯ ಮೇಲಿನ ಹುಳುವನ್ನು ನೋಡುವಂತೆ ನೋಡಿದಳು. ಇಂಗ್ಲಿಷ್ ಪತ್ರಿಕೆ ಕೊಟ್ಟ. ತಲೆಕೆಳಗಾಗಿ ಹಿಡಿದು, ಅರ್ಧ ಗಂಟೆ ಗಂಭೀರವಾಗಿ ಪುಟ ತಿರುವಿ, ಮಡಿಸಿ ಅವನಿಗೆ ಹಿಂತಿರುಗಿಸಿದಳು. "ಆಯ್ತು."

ಆ ದಿನಗಳಲ್ಲೇ ಅವನು ಲ್ಯಾಬಿನ ಲೈಬ್ರರಿಯಲ್ಲಿ ಒಂದು ಲೇಖನ ಓದಿದ. ಜಪಾನಿನಲ್ಲಿ ಎರಡು ಬಗೆಯ ಲಿಪಿ. ಒಂದು ನಮ್ಮಂತೆ ಉಚ್ಚಾರದ್ದು, ಇನ್ನೊಂದು ಚೀನಾದಿಂದ ಬಂದದ್ದು, ಒಂದು ಗುರುತಿಗೆ ಒಂದು ಅರ್ಥ. ಪಾರ್ಶ್ವವಾಯು ಬಡಿದ ಕೆಲವರಿಗೆ ಉಚ್ಚಾರದ ಲಿಪಿ ಹೋದರೂ ಅರ್ಥದ ಲಿಪಿ ಉಳಿಯುತ್ತದಂತೆ. ಸತ್ಯ ಊಟದ ಮೇಜಿಗೆ ಓಡಿಬಂದ. ಡಬ್ಬಿಯಲ್ಲಿ ಚಿತ್ರಾನ್ನ, ತಲೆಯಲ್ಲಿ ಚಿತ್ರಾಕ್ಷರ.

ಆ ಮೇಜಿನಲ್ಲಿ ದಿನವೂ ಕೂರುತ್ತಿದ್ದವರು ಮೂವರು: ತೈವಾನಿನ ಲಿನ್, ಜಪಾನಿನ ತನಾಬೆ, ಕೊರಿಯಾದ ಕ್ವಾಕ್. ಮೂವರನ್ನೂ ಸತ್ಯ ಅಣಕಿಸಿದ್ದ. ಮೂವರೂ ಕ್ಷಮಿಸಿದ್ದರು, ಕ್ವಾಕ್ ಸ್ವಲ್ಪ ತಡವಾಗಿ.

"ನಂಗೊಂದೇ ಒಂದು ಅಕ್ಷರ ಬರ್ಕೊಡಿ. ಅಕ್ಕ ಅನ್ನೋದು," ಎಂದ ಸತ್ಯ, ವಿಷಯವನ್ನೆಲ್ಲ ಹೇಳಿ.

ತನಾಬೆ ಮೆಲ್ಲಗೆ ಕೇಳಿದ: "ಸತ್ಯ, ಆ ರೋಗಿಗಳು ಚಿಕ್ಕಂದಿನಲ್ಲೇ ಆ ಲಿಪಿ ಕಲಿತಿದ್ದೋರು. ಇದ್ದದ್ದು ಉಳೀತು. ನಿಮ್ಮಕ್ಕನಿಗೆ ಇಲ್ಲದೇ ಇದ್ದದ್ದು ಹೇಗೆ ಉಳಿಯುತ್ತೆ?"

"ಖಾಲಿ ಸೈಟು ಸ್ವಾಮಿ. ಹೊಸದಾಗಿ ಕಟ್ತೀನಿ. ನೀವು ಇಟ್ಟಿಗೆ ಕೊಡಿ ಸಾಕು."

ಲಿನ್ ಕಾಗದದ ಕರವಸ್ತ್ರದ ಮೇಲೆ ಬರೆದ: 姐. "ಜ್ಯೆ."

"ಜೈ! ಶುರುವಿನಲ್ಲೇ ಜಯಕಾರ," ಎಂದ ಸತ್ಯ.

"ಎಡಗಡೆ ಇರೋದು ಹೆಣ್ಣು. ಬಲಗಡೆ ಇರೋದು ಬರೀ ದನಿಗೆ. ಬಹಳ ಹಳೇ ನಿಘಂಟಿನಲ್ಲಿ, ಒಂದು ಪ್ರಾಂತ್ಯದೋರು ಇದನ್ನ ತಾಯಿಗೆ ಹೇಳ್ತಿದ್ರು ಅಂತಿದೆ."

ಸತ್ಯ ಕರವಸ್ತ್ರವನ್ನು ತನ್ನ ಕಡೆ ಎಳೆದುಕೊಂಡ. "ನಮ್ಮ ಕಡೇನೂ ಎಷ್ಟೋ ಮನೆಗಳಲ್ಲಿ ತಾಯೀನೇ ಅಕ್ಕ ಅಂತಾರೆ," ಎಂದ.

ತನಾಬೆ ಕರವಸ್ತ್ರ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. "ನಮ್ಮಲ್ಲಿ ಇದನ್ನ ಬರೆದ್ರೆ ರೌಡಿಯ ಹೆಂಡತಿ ಅನ್ಕೋತಾರೆ. ಮನೆಯ ಅಕ್ಕ ಅಂದ್ರೆ ಇದು," ಎಂದು ಪಕ್ಕದಲ್ಲಿ ಬರೆದ: 姉. "ಅನೆ."

"ಆನೆ? ಅಕ್ಕ ಕೇಳಿಸ್ಕೊಂಡ್ರೆ ನಂಗೆ ಬೀಳ್ತವೆ ಒದೆ! ಎರಡು ವರ್ಷದಿಂದ ಅನ್ನ ಬಿಟ್ಟು ತೂಕ ಇಳಿಸ್ತಿದ್ಳು."

"ಹೆಣ್ಣಿನ ಪಕ್ಕದಲ್ಲಿರೋ ಆಕಾರ ಸಂತೆ ಅನ್ನೋ ಅಕ್ಷರದ ಥರ ಕಾಣುತ್ತೆ, ನೋಡು."

"ಅಕ್ಕ, ಪಕ್ಕ, ಸಂತೆ. ಸರಿಯಾಗಿದೆ."

ಕ್ವಾಕ್ ಅಷ್ಟು ಹೊತ್ತೂ ಅಗಿಯುತ್ತಿದ್ದ ತುತ್ತನ್ನು ನುಂಗಿ, ಪೆನ್ನು ಕಸಿದುಕೊಂಡ. "ನಿಮ್ಮಿಬ್ಬರದಕ್ಕಿಂತ ಹಳೇದು ಇದು." 姊. "ಜಾ."

"ಜಾ? ಹಿಂದಿಯೋರ ಥರ ಅಕ್ಕನ್ನ ಓಡಿಸ್ತೀರಾ?"

"ಓದೋದು ಹಾಗೆ. ಕರೆಯೋದು ನೂನಾ. ತಂಗಿ ಕರೆದ್ರೆ ಒನ್ನಿ. ಅಕ್ಷರ ಇರೋದು ಬರೆಯೋಕೆ. ನನ್ನ ನೂನಾನ ನಾನು ಯಾವತ್ತೂ ಜಾ ಅಂದಿಲ್ಲ."

ಸತ್ಯ ಮೂರು ಅಕ್ಷರಗಳನ್ನೂ ಮೂವರ ಮುಖಗಳನ್ನೂ ಬಾರಿ ಬಾರಿ ನೋಡಿದ. "ನಿಜ ಹೇಳಿ. ಮೂವರೂ ಸೇರ್ಕೊಂಡು ನನ್ನ ಏಮಾರಿಸ್ತಿದೀರಾ?"

ಅವರು ತಮ್ಮ ತಮ್ಮ ಅಕ್ಕಂದಿರ ಮೇಲೆ ಆಣೆ ಇಟ್ಟರು. ಲಿನ್ ಅಂದೇ ದಪ್ಪ ರಟ್ಟಿನ ಕಾರ್ಡುಗಳ ಮೇಲೆ ಬರೆದುಕೊಟ್ಟ. ಅಕ್ಕ ಒಂದು, ಜೊತೆಗೆ ನೀರು, ಕುದುರೆ, ಬಾಗಿಲು. ಐದನೆಯದು ಅಕ್ಕಿ ಇರಲಿ ಎಂದು ಸತ್ಯನೇ ಕೇಳಿದ. ಅಕ್ಕಿಯ ಗುರುತು 米, ನಾಲ್ಕು ಕಡೆಗೂ ಕಾಳು ಚೆಲ್ಲಿದಂತೆ. "ಅಕ್ಕನ ಪಕ್ಕ ಅಕ್ಕಿ. ನಮ್ಮಕ್ಕನಿಗೆ ಶ್ಲೇಷೆ ಅಂದ್ರೆ ಪ್ರಾಣ," ಎಂದ.

ಅಂದಿನಿಂದ ಪ್ರತಿ ಮಧ್ಯಾಹ್ನ ಮೂರಕ್ಕೆ ಅವನು ಪೊಟೊಮ್ಯಾಕ್ ನದಿ ದಾಟಿ ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಊಟದ ತಟ್ಟೆ ಇಡುವ ಹಲಗೆಯ ಮೇಲೆ ಕಾರ್ಡುಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಇದು ನೀನು. ಅಕ್ಕ. ಇದು ಅಕ್ಕಿ. ಇದು ನೀರು. ಈಗ ಹೇಳು, ಅಕ್ಕ ಎಲ್ಲಿ?"

"ಆಯ್ತು."

"ಬಾಯಲ್ಲಿ ಬೇಡ್ವೇ, ಬೆರಳಲ್ಲಿ ತೋರ್ಸು. ಅಕ್ಕ ಎಲ್ಲಿ?"

ಎರಡು ವಾರ ಬೆರಳು ಎಲ್ಲೆಲ್ಲೋ ಹೋಯಿತು. ಕುದುರೆಯಾದಳು, ಬಾಗಿಲಾದಳು. ಆ ದಿನಗಳಲ್ಲೇ ಒಂದು ಸಂಜೆ, ಅವಳಿಗೆ ಉಣಿಸುತ್ತಿದ್ದ ಸಹಾಯಕಿ ಚಮಚ ಹಿಡಿದು "ಛೀ! ಛೀ!" ಎನ್ನುವುದು ಸತ್ಯನ ಕಿವಿಗೆ ಬಿತ್ತು. ಅವನು ಕೆಂಡವಾದ.

"ಏನಮ್ಮಾ ಅದು ಛೀ? ಏನು ಮಾಡಿದ್ಳು ನಮ್ಮಕ್ಕ? ಸೊಪ್ಪು ಉಗುಳಿದ್ಳು, ಅಷ್ಟಕ್ಕೇ ಛೀ ಅಂತೀಯಾ?"

ಹುಡುಗಿ ಬೆದರಿ ಎದ್ದುನಿಂತಳು. ಹೆಸರು ಹ್ವಾ, ಸೈಗಾನಿನಿಂದ ಬಂದು ಎರಡು ವರ್ಷವಾಗಿತ್ತು. "ಚಿ," ಎಂದಳು, ಎದೆಯ ಮೇಲೆ ಕೈಯಿಟ್ಟು. "ನಮ್ಮ ಭಾಷೆ. ಬಿಗ್ ಸಿಸ್ಟರ್. ಇವರು ನನಗೆ ಚಿ."

ಸತ್ಯನಿಗೆ ನಾಚಿಕೆಯೂ ಆಯಿತು, ಮೈಯೆಲ್ಲ ಬೆಳಕೂ ಆಯಿತು. ಮರುದಿನ ಲಿನ್ ಅದನ್ನು ಖಚಿತ ಮಾಡಿದ: ಅದೂ ಕ್ವಾಕ್ ಬರೆದ ಹಳೆಯ ಅಕ್ಷರದಿಂದ ಹುಟ್ಟಿದ ಮಾತೇ. ಸತ್ಯ ಅಕ್ಕನ ಕಾರ್ಡು ಹಿಡಿದು ಹ್ವಾಳ ಮುಂದೆ ನಿಂತ. "ಹಾಗಾದ್ರೆ ಇದನ್ನ ಓದು ನೋಡೋಣ."

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಮ್ಮಜ್ಜನಿಗೆ ಬರ್ತಿತ್ತು. ನಮಗೆ ಎ ಬಿ ಸಿ ಡಿ."

"ನಿಂಗೆ ಸ್ವಂತ ಅಕ್ಕ ಇದ್ದಾಳಾ?"

"ಅಲ್ಲಿ," ಎಂದು ಹ್ವಾ ಕಿಟಕಿಯತ್ತ ಬೆರಳು ತೋರಿದಳು, ಕಾರು ನಿಲ್ಲಿಸುವ ಜಾಗದ ಆಚೆಯೇ ಆ ಊರು ಇದ್ದಂತೆ. "ದೋಣಿಯಲ್ಲಿ ಜಾಗ ಇರಲಿಲ್ಲ." ಆಮೇಲೆ ಚಮಚ ಎತ್ತಿಕೊಂಡು, "ಚಿ, ಇನ್ನೊಂದು ತುತ್ತು," ಎಂದಳು.

ಮೂರನೆಯ ವಾರದ ಮಂಗಳವಾರ ಅದು ನಡೆಯಿತು. ಅನಸೂಯಳ ಎಡಗೈಯ ತೋರುಬೆರಳು ನೀರನ್ನು ದಾಟಿತು, ಕುದುರೆಯನ್ನು ದಾಟಿತು, ಅಕ್ಕಿಯ ಮೇಲೆ ತುಸು ತಡೆದು, ಮುಂದೆ ಹೋಗಿ, 姐 ಮೇಲೆ ನಿಂತಿತು.

"ಆಯ್ತು," ಎಂದಳು.

"ಆಯ್ತು!" ಎಂದು ಸತ್ಯ ಕಿರುಚಿದ. ಹ್ವಾ ಓಡಿಬಂದಳು. ಅವನು ಕಾರ್ಡು ಕಲೆಸಿ ಮತ್ತೆ ಜೋಡಿಸಿದ. ಮತ್ತೆ ಅಕ್ಕ. ಮತ್ತೆ ಕಲೆಸಿದ, ಮತ್ತೆ ಅಕ್ಕ. ಹತ್ತರಲ್ಲಿ ಒಂಬತ್ತು ಸಲ. ಬುಧವಾರವೂ, ಗುರುವಾರವೂ ಅದೇ. ಅವಳ ಮುಖದಲ್ಲಿ, ಬಿದ್ದಿರದ ಎಡ ಅರ್ಧದಲ್ಲಿ, ಸಣ್ಣ ಹೆಮ್ಮೆ ಕಾಣುತ್ತಿತ್ತು. ಸ್ಲೇಟಿನ ಮೇಲೆ ಇವನು ಮೊದಲ ಸಲ ಅ ಬರೆದಾಗ ಅವಳ ಮುಖದಲ್ಲಿ ಕಂಡಿದ್ದ ಅದೇ ಹೆಮ್ಮೆ.

ನಾಲ್ಕನೆಯ ವಾರ ತನಾಬೆಯ ಅಕ್ಷರ ತಂದ. ಒಂದು ಸಲ ಹೇಳಿಕೊಟ್ಟ, ಅಷ್ಟೆ. ಹಿಡಿದುಬಿಟ್ಟಳು. ಭಾನುವಾರ ಕ್ವಾಕನ ಹಳೆಯ 姊 ಬರೆಸಿ ತಂದು, ಏನೂ ಹೇಳಿಕೊಡದೆ, ಸುಮ್ಮನೆ ಸಾಲಿನ ನಡುವೆ ಇಟ್ಟು ಕೇಳಿದ: "ಅಕ್ಕ ಎಲ್ಲಿ?" ಬೆರಳು ನೇರ ಹೋಗಿ ಅದರ ಮೇಲೆ ಕೂತಿತು.

ಸೋಮವಾರ ಊಟದ ಮೇಜಿನಲ್ಲಿ ಸತ್ಯ ಕುಣಿದ. "ಮೂರು ದೇಶದ ಅಕ್ಕನೂ ಬಂತು! ಮೂರನೇದನ್ನ ಕಲಿಸ್ಲೇ ಇಲ್ಲ, ತಾನೇ ಓದಿದ್ಳು! ನಾವು ಒಂದೊಂದೂ ಬಾಯಿಪಾಠ ಮಾಡ್ಬೇಕು, ಅವಳು ಕಂಡ ಕೂಡ್ಲೇ..."

ಲಿನ್ ಊಟದ ಕಡ್ಡಿಗಳನ್ನು ಕೆಳಗಿಟ್ಟ. ತನಾಬೆ ಕಿಟಕಿ ನೋಡಿದ. ಕ್ವಾಕ್ ಮಾತ್ರ, "ಒಳ್ಳೇದು, ಒಳ್ಳೇದು," ಎಂದ. ಅವನು ಹಾಗೆ ಎರಡೆರಡು ಸಲ ಹೇಳುವವನಲ್ಲ.

ಅಂದು ಮಧ್ಯಾಹ್ನ ಕೇಂದ್ರದಲ್ಲಿ ಮಿಸೆಸ್ ಪ್ರುಯಿಟ್ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಬರೆಯಲಿಲ್ಲ.

"ಮೂರನೇದನ್ನ ಯಾವಾಗ ಕಲಿಸಿದ್ರಿ?"

"ಕಲಿಸ್ಲೇ ಇಲ್ಲ! ಅದನ್ನೇ ಮೇಡಂ ನಾನು ಹೇಳ್ತಿರೋದು!"

"ಹಾಗಾದ್ರೆ ಅದು ಅಕ್ಕ ಅಂತ ಆ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು?"

"ನನಗೆ," ಎಂದ ಸತ್ಯ. ಹೇಳಿದ ಮೇಲೆ ಅದು ಅವನ ಕಿವಿಗೂ ಕೇಳಿಸಿತು.

ಅವರು ಅವನ ತೋಳು ಮುಟ್ಟಿದರು. "ಶುಕ್ರವಾರ ನಾನು ಕೇಳ್ತೀನಿ. ನೀವು ಬಾಗಿಲ ಹೊರಗೆ ನಿಂತಿರಿ. ನನಗೂ ಚೀನೀ ಬರಲ್ಲ, ಯಾವುದು ಯಾವುದು ಅಂತ ಆಮೇಲೇ ನೋಡ್ತೀನಿ. ಅವರು ಓದಿದ್ರೆ, ದೇವರಾಣೆ, ನಾನೇ ಡೈರೆಕ್ಟರ ಹತ್ರ ಹೋಗಿ ಜಗಳ ಆಡ್ತೀನಿ."

ಆ ಬಾಗಿಲಿಗೆ ತಲೆಮಟ್ಟದಲ್ಲಿ ಒಂದು ಗಾಜು ಇತ್ತು. ಹೊರಗೆ ನಿಂತು ಗಾಜಿನಲ್ಲಿ ಮುಖ ತೋರಿಸಬಹುದು ಎಂಬ ಯೋಚನೆ ಸತ್ಯನಿಗೆ ಬರಲಿಲ್ಲವೆಂದರೆ ಈ ಕಥೆ ಸತ್ಯವಾಗುವುದಿಲ್ಲ. ಬಂತು. ಎರಡು ದಿನ ಕಾಡಿತು. ಆದರೆ ಅದಕ್ಕೂ ಮೊದಲು ಅವನಿಗೆ ಇನ್ನೊಂದು ತಿಳಿಯಬೇಕಿತ್ತು: ತಾನು ಯಾವ ಮುಖ ಮಾಡುತ್ತೇನೆ?

ಬುಧವಾರ ಲ್ಯಾಬಿನ ಬಚ್ಚಲ ಕನ್ನಡಿಯ ಮುಂದೆ ಕಾರ್ಡುಗಳನ್ನು ಸಾಲಿಟ್ಟು, ಅಕ್ಕನ ಬೆರಳಿನಂತೆ ತನ್ನ ಬೆರಳನ್ನು ನಡೆಸಿದ. ನೀರು, ಕುದುರೆ, ಬಾಗಿಲು, ಅಕ್ಕ. ತಲೆಯೆತ್ತಿದ. ಇಡೀ ವಾಷಿಂಗ್ಟನ್ನಿನ ಮುಖಗಳನ್ನೆಲ್ಲ ಹೊತ್ತು ತಿರುಗಿದವನು ಆ ಮುಖವನ್ನು ಈವರೆಗೆ ನೋಡಿಯೇ ಇರಲಿಲ್ಲ. ಎಡಹುಬ್ಬು ಮೇಲೆ ಹೋಗಿತ್ತು. ಉಸಿರು ನಿಂತಿತ್ತು. ಬಾಯಿ ತುಸು ತೆರೆದಿತ್ತು, ಮಗುವಿಗೆ ತುತ್ತು ಕೊಡುವವರ ಬಾಯಿ ತಾನಾಗಿ ತೆರೆಯುವಂತೆ. ಮಿಸೆಸ್ ಪ್ರುಯಿಟ್ ಏಕೆ, ರಸ್ತೆಯಲ್ಲಿ ಹೋಗುವವನೂ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅವನು ಐದು ನಿಮಿಷ ನೋಡಿದ. ಆ ಮುಖವೂ ಅವನದಾಯಿತು.

ಗುರುವಾರ ಮೂರಕ್ಕೆ ಅಕ್ಕನ ಮುಂದೆ ಕೂತ. ನಾಳೆ ಬಾಗಿಲ ಹೊರಗೆ ನಿಂತು ತಿಳಿಯುವುದಕ್ಕಿಂತ ಇವತ್ತು ಒಳಗೆ ಕೂತು ತಿಳಿಯುವುದು ಮೇಲು. ಇನ್ನೊಂದು ಆಸೆಯೂ ಇತ್ತು. ಮುಖ ಒಂದು ಹೇಳಿ, ಅಕ್ಷರ ಇನ್ನೊಂದು ಹೇಳಿದಾಗ ಅವಳು ಅಕ್ಷರದ ಕಡೆಗ್ಯಾಕೆ ಹೋಗಬಾರದು? ಹೋದರೆ ನಾಳೆಯ ಪರೀಕ್ಷೆ ಗೆದ್ದಂತೆ. ಬಾಲ್ಯದಿಂದ ಅವನ ಎಲ್ಲ ಮೋಸಗಳಿಗೂ ಬಿದ್ದವಳು, ಇದೊಂದಕ್ಕೆ ಬೀಳದಿರಲಿ ಎಂದು ಸತ್ಯ ಚಾಮುಂಡಿಗೆ ಕೈ ಮುಗಿದ. ಏಮಾರಿಸುವವನು ತನ್ನ ಆಟ ಕೆಡಲಿ ಎಂದು ಹರಸಿಕೊಂಡದ್ದು ಅದೇ ಮೊದಲು.

"ಅಕ್ಕಾ. ಅಕ್ಕ ಎಲ್ಲಿ?"

ಬೆರಳು ಹೊರಟಿತು. ಬಾಗಿಲು. ಸತ್ಯನ ಮುಖ ಗೋಡೆ. ನೀರು. ಗೋಡೆ. 姐 ಮೇಲೆ ಬಂತು. ಆ ಅಕ್ಷರದ ಮೇಲೆ ಬೆರಳು ಬಂದಾಗ ಹುಬ್ಬನ್ನು ಹಿಡಿದಿಡಲು ಅವನು ಹಲಗೆಯ ಕೆಳಗೆ ತೊಡೆಯನ್ನು ಚಿವುಟಿಕೊಳ್ಳಬೇಕಾಯಿತು. ನಿಲ್ಲೇ, ಅಲ್ಲೇ ನಿಲ್ಲೇ ಎಂದು ಒಳಗೆ ಕೂಗಿದ. ಮುಖ ಗೋಡೆಯಾಗಿಯೇ ಇತ್ತು.

ಬೆರಳು ಮುಂದೆ ಹೋಯಿತು. ಕುದುರೆ. ಅಕ್ಕಿ.

ಸತ್ಯ ಬುಧವಾರ ಕಲಿತ ಮುಖವನ್ನು ಹಾಕಿಕೊಂಡ. ಎಡಹುಬ್ಬು, ಉಸಿರು, ತುತ್ತಿನ ಬಾಯಿ. ತನ್ನದೇ ಆಸೆಯ ಅಣಕ, ಕೂದಲೆಳೆಯಷ್ಟೂ ತಪ್ಪಿಲ್ಲದ್ದು.

ಬೆರಳು ನಿಂತಿತು. ಅನಸೂಯ 米 ಅನ್ನು ಎರಡು ಸಲ ಗಟ್ಟಿಯಾಗಿ ತಟ್ಟಿ, ತಮ್ಮನಿಗೆ ಬೇಕಾದದ್ದನ್ನು ಕೊಟ್ಟವಳ ಸಮಾಧಾನದಲ್ಲಿ ಹೇಳಿದಳು:

"ಆಯ್ತು."

ಎಷ್ಟು ಕೌಶಲದ ಮುಖವಾದರೂ ಅದನ್ನು ಹಾಗೆಯೇ ಹಿಡಿದಿಡಲು ಕೆಳಗೆ ಏನಾದರೂ ಇರಬೇಕು. ಸತ್ಯನ ಹುಬ್ಬು ಇಳಿಯಿತು, ಬಾಯಿ ಮುಚ್ಚಿತು. ಇಷ್ಟು ದಿನವೂ ಅವಳು ಓದಿದ್ದು ಅಕ್ಷರವನ್ನಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಓದುತ್ತ ಬಂದ ಒಂದೇ ಪುಸ್ತಕವನ್ನು. ಲಿನ್ ಹೇಳಿದ ಹೆಣ್ಣೂ ಅವಳಿಗೆ ಕಂಡಿರಲಿಲ್ಲ, ತನಾಬೆ ಹೇಳಿದ ಸಂತೆಯೂ ಕಂಡಿರಲಿಲ್ಲ. ತಮ್ಮ ಏನೋ ಬೇಡುತ್ತಿದ್ದಾನೆ ಎಂಬುದಷ್ಟೇ ಕಂಡಿತ್ತು, ಕೊಡುತ್ತ ಬಂದಿದ್ದಳು.

"ಅಕ್ಕಾ," ಎಂದ ಅವನು, "ಅದು ನೀನಲ್ವೇ. ಅಕ್ಕಿ."

ಅವಳು ಅವನನ್ನು ನೋಡಿದಳು. ಕಾರ್ಡನ್ನು ನೋಡಿದಳು. ಮತ್ತೆ ಅವನನ್ನು. ಅವನ ಮುಖದಲ್ಲಿ ಈಗ ಬರೆದಿದ್ದನ್ನೂ ಓದಿದಳು: ಹುಬ್ಬು ಏರಿಸಿದ್ದು ಬೇಕೆಂದೇ, ತಾನು ಏಮಾರಿದೆ. ಬಚ್ಚಲ ಬಾಗಿಲಿನ ಮುಂದೆ ಕಾಫಿ ಹಿಡಿದು ನಿಂತವಳ ಕಣ್ಣು ಹೇಗೆ ಅರಳಿತ್ತೋ ಹಾಗೆಯೇ ಅರಳಿತು. ಎದೆಯ ಆಳದಲ್ಲಿ ಎಲ್ಲೋ ಒಂದು ಗುಡುಗು ಎದ್ದು, ಗಂಟಲಿಗೆ ಬಂದು, ಬಾಯಿಯ ಎಡ ಅರ್ಧದಿಂದ ಹೊರಗೆ ಬಿತ್ತು.

ಪಾರ್ಶ್ವವಾಯು ಮುಟ್ಟದೆ ಬಿಟ್ಟಿದ್ದ ಒಂದೇ ವಸ್ತು ಅದು. ಫೋನಿನ ತಂತಿ ಕೀಳುತ್ತಿದ್ದ ಅದೇ ನಗು.

ಹ್ವಾ ಓಡಿಬಂದಳು. ಮಿಸೆಸ್ ಪ್ರುಯಿಟ್ ನಾಳೆಯ ಫೈಲು ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತರು. "ಏನು ನಡೀತಿದೆ ಇಲ್ಲಿ? ನನಗೂ ಹೇಳಿ."

ಸತ್ಯ ಯಾರ ದನಿಯನ್ನೂ ತೆಗೆಯದೆ, ತನ್ನದೇ ದನಿಯಲ್ಲಿ ಹೇಳಿದ. ಅದು ಅವನಿಗೇ ಅಪರಿಚಿತವಾಗಿ ಕೇಳಿಸಿತು. "ಅಕ್ಕ ಎಲ್ಲಿ ಅಂತ ಕೇಳ್ದೆ. ನಾನು ಯಾವುದಕ್ಕೆ ಮುಖ ಮಾಡಿದ್ನೋ ಅದನ್ನೇ ತೋರ್ಸಿದ್ಳು. ಅಕ್ಕಿ." ಆಮೇಲೆ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಜೇಬಿಗೆ ಹಾಕುತ್ತ, "ನಾಳೆ ನಾನು ಹೊರಗೆ ನಿಲ್ಲೋದು ಬೇಡ ಮೇಡಂ. ನೀವು ಕೇಳೋದೂ ಬೇಡ."

ಮಿಸೆಸ್ ಪ್ರುಯಿಟ್ ಕಿಟಕಿಯಾಚೆ, ಹಿಂದಿನ ಕಟ್ಟಡದ ಸಾಲು ಕಿಟಕಿಗಳನ್ನು ಒಮ್ಮೆ ನೋಡಿದರು. ಫೈಲು ತೆರೆದು ಒಂದು ಸಾಲು ಬರೆದರು. "ಸೋಮವಾರ ಕರ್ಕೊಂಡು ಹೋಗ್ತಾರೆ," ಎಂದರು ಮೆಲ್ಲಗೆ. "ನಿಮ್ಮಕ್ಕನಿಗೆ ನೀವೇ ಹೇಳ್ತೀರಾ?"

ಸತ್ಯ ಅಕ್ಕನ ಕಡೆ ಬಾಗಿದ. ಅವಳಿನ್ನೂ ನಗುತ್ತಲೇ ಇದ್ದಳು, ಎಡಗಣ್ಣಿನಲ್ಲಿ ನೀರು.

"ಇಲ್ಲಿ ಪಾಠ ಮುಗೀತಂತೆ ಕಣೇ. ಹಿಂದಿನ ಬಿಲ್ಡಿಂಗಿಗೆ ಹೋಗ್ಬೇಕಂತೆ. ಆಯ್ತಾ?"

"ಆಯ್ತು," ಎಂದಳು ಅನಸೂಯ, ಎಡಗೈ ಚಾಚಿ ಅವನ ಕಿವಿ ಹಿಡಿದು, ಬಲವಿದ್ದಷ್ಟು ಹಿಂಡಿ.

ಸತ್ಯನೂ ನಕ್ಕ, ಬೇರೇನು ಮಾಡಬೇಕೆಂದು ತಿಳಿಯದೆ. ಹ್ವಾ ಅರ್ಥವಾಗದೆಯೂ ನಕ್ಕಳು. ಮಿಸೆಸ್ ಪ್ರುಯಿಟ್ ಫೈಲಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು, ಅದು ನಗುವೇ ಇರಬೇಕು. ಆ ಮೂವರ ದನಿಯನ್ನೂ ಮುಳುಗಿಸಿ, ಓಣಿಯ ಕೊನೆಯ ಕೋಣೆಯ ರೋಗಿಯೂ ತಲೆಯೆತ್ತಿ ಕೇಳುವಂತೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅಕ್ಕ.